ನಿಘಂಟನ್ನು ಕೊನೆಗೆ ತೆರೆದೆ: ಒಲೆಯ ಪದಗಳ ಬೇರು ಹುಡುಕಿದ ನನ್ನ ಅನುಭವ

ಕಳೆದ ಕಾರ್ತಿಕದ ಒಂದು ಭಾನುವಾರ, ಬಸವನಗುಡಿಯ ಗೆಳೆಯರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ನಾವು ಐದಾರು ಮಂದಿ 20 ಲಕೋಟೆಗಳನ್ನು ಒಡೆದೆವು. ಬೆಂಕಿ, ಒಲೆ, ಅಡುಗೆಗಳಿಗೆ ಸೇರಿದ 20 ಪದಗಳನ್ನು ಆ ಗೆಳೆಯರೇ ಆರಿಸಿ ಕೊಟ್ಟಿದ್ದರು. ಯಾವ ನಿಘಂಟನ್ನೂ ಮುಟ್ಟದೆ ಅವುಗಳ ಮೂಲವನ್ನು ನಾನು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಅಂಟಿಸಿ ಅವರ ಕೈಗೇ ಒಪ್ಪಿಸಿದ್ದೆ. ಎಲ್ಲವನ್ನೂ ತಾಳೆ ನೋಡಿದ ಮೇಲೆ 17 ಸರಿ ಎಂದು ತೀರ್ಮಾನವಾಯಿತು. ಮೂರು ವರ್ಷಗಳಿಂದ ನನ್ನನ್ನು ‘ಒಲೆಪುರಾಣದವರು’ ಎಂದು ಹಾಸ್ಯ ಮಾಡುತ್ತಿದ್ದ ನಿವೃತ್ತ ಮೇಷ್ಟ್ರು ಅಂದು ಕನ್ನಡಕ ತೆಗೆದು ಒರೆಸಿಕೊಂಡು, ಎರಡನೆಯ ಲೋಟ ಕಾಫಿ ಕುಡಿದು, ‘ಆಗಲಿ ಸ್ವಾಮಿ, ಒಪ್ಪಿದೆ’ ಎಂದರು. ಈ ಬರಹಕ್ಕೆ ಅದೇ ಪ್ರೇರಣೆ.

ನನ್ನ ಪದ್ಧತಿಯಲ್ಲಿ ಗುಟ್ಟು ಹೆಚ್ಚಿಲ್ಲ. ಪದದ ಮೂಲ ಬೇಕೆಂದರೆ ನಮ್ಮಲ್ಲಿ ಎಲ್ಲರೂ ಮೊದಲು ಕಪಾಟಿಗೆ ಕೈ ಹಾಕುತ್ತಾರೆ. 1894ರ ಕಿಟೆಲ್ ನಿಘಂಟನ್ನು ಬಿಚ್ಚಿ, ಅಲ್ಲಿ ಕಂಡದ್ದನ್ನು ನಕಲು ಮಾಡಿಕೊಂಡು, ಮೇಲೆ ತಮ್ಮದೊಂದು ಕಥೆಯನ್ನು ಹೊದಿಸುತ್ತಾರೆ. ನಾನು ಮೊದಲು ಒಲೆಯ ಮುಂದೆ ಹೋಗಿ ನಿಲ್ಲುತ್ತೇನೆ. ಆ ಪದವನ್ನು ದಿನವೂ ಬಳಸುವವರು ಅದನ್ನು ಹೇಗೆ ಉಚ್ಚರಿಸುತ್ತಾರೆ, ಅದರ ಪಕ್ಕದಲ್ಲಿ ಬೇರೆ ಯಾವ ಪದಗಳನ್ನಿಡುತ್ತಾರೆ, ಪದ ಹೇಳುವ ಕೆಲಸವನ್ನು ಅವರ ಕೈ ನಿಜವಾಗಿಯೂ ಮಾಡುತ್ತದೆಯೇ ಎಂದು ನೋಡಿಕೊಂಡು, ಊಹೆಯನ್ನು ಚೀಟಿಯಲ್ಲಿ ಬರೆದು ಮುಚ್ಚಿದ ಬಳಿಕವೇ ನಿಘಂಟು. ಚೀಟಿ ಮುಚ್ಚುವುದು ಮುಖ್ಯ, ಏಕೆಂದರೆ ನಿಘಂಟು ನೋಡಿದ ಮೇಲೆ ‘ನಾನೂ ಹೀಗೆಯೇ ಅಂದುಕೊಂಡಿದ್ದೆ’ ಎನ್ನುವ ಚಾಳಿ ನಮ್ಮೆಲ್ಲರಲ್ಲೂ ಇದೆ. ಮೊದಲ ವರ್ಷ ಸುಮಾರು 60 ಚೀಟಿಗಳಲ್ಲಿ ಸರಿ ಬಂದದ್ದು 20ರ ಆಸುಪಾಸು. ನಾಚಿಕೆಯಾಗುವಂಥ ಲೆಕ್ಕವೇ ಸರಿ.

ಅದಕ್ಕಿಂತ ನಾಚಿಕೆಯಾದದ್ದು ಮೊದಲ ಪುಸ್ತಿಕೆಯಿಂದ. ಇನ್ನೂ ಪದ್ಧತಿ ಕುದುರಿರಲಿಲ್ಲ, ಅವಸರ ಮಾತ್ರ ಕುದುರಿತ್ತು. 48 ಪುಟದ ಪುಸ್ತಿಕೆಯನ್ನು 300 ಪ್ರತಿ ಅಚ್ಚು ಹಾಕಿಸಿದೆ. ಕಾಗದ, ಅಚ್ಚು, ಹೊಲಿಗೆ ಎಲ್ಲ ಸೇರಿ 24 ಸಾವಿರದ ಹತ್ತಿರ ಖರ್ಚಾಯಿತು. ಜೀವಮಾನವೆಲ್ಲ ಇತರರ ಕರಡು ತಿದ್ದಿದವನು ನಾನು, ಆದ್ದರಿಂದ ಅಚ್ಚಿನ ತಪ್ಪು ಒಂದೂ ಇರಲಿಲ್ಲ. ತಪ್ಪುಗಳಿದ್ದದ್ದು ವಿಷಯದಲ್ಲಿ. ‘ಊದುಬತ್ತಿ ಎಂದರೆ ಊದಿ ಹೊತ್ತಿಸುವ ಬತ್ತಿ’ ಎಂದು ಹನ್ನೊಂದನೆಯ ಪುಟದಲ್ಲಿ ಠೀವಿಯಿಂದ ಬರೆದಿದ್ದೆ. ಆ ಊಹೆಗೆ ಆಧಾರವೂ ಇದ್ದಂತೆ ತೋರುತ್ತಿತ್ತು: ಕನ್ನಡದಲ್ಲಿ ಊದು ಎಂಬ ಕ್ರಿಯಾಪದವಿದೆ, ಒಲೆಯ ಪಕ್ಕದಲ್ಲೇ ಊದುಗೊಳವೆ ಇದೆ, ತಮಿಳರನ್ನು ಕೇಳಿದರೆ ಅವರೂ ಊದುವತ್ತಿ ಎನ್ನುತ್ತಾರೆ, ಅವರ ಭಾಷೆಯಲ್ಲೂ ಊದು ಎಂದರೆ ಊದುವುದೇ. ಸೋದರ ಭಾಷೆಯ ಸಾಕ್ಷಿ ಸಿಕ್ಕಿತೆಂದು ನಾನು ನಿಶ್ಚಿಂತನಾದೆ.

ಪುಸ್ತಿಕೆ ಹೊರಬಂದ ಮೂರನೆಯ ವಾರ ಒಂದು ಅಂಚೆ ಕಾರ್ಡು ಬಂತು. ಸುಗಂಧದ ವ್ಯಾಪಾರ ಮಾಡುವ ಹಿರಿಯರೊಬ್ಬರು, ‘ತಾವು ಒಮ್ಮೆ ಅಂಗಡಿಗೆ ದಯಮಾಡಿಸಿ’ ಎಂದಷ್ಟೇ ಬರೆದಿದ್ದರು. ಅವೆನ್ಯೂ ರಸ್ತೆಯ ಪಕ್ಕದ ಓಣಿಯಲ್ಲಿದ್ದ ಆ ಅಂಗಡಿಗೆ ಹೋದೆ. ಅವರು ಗಾಜಿನ ಭರಣಿಯಿಂದ ಉಗುರಿನಷ್ಟು ಗಾತ್ರದ, ಕಪ್ಪು ಗೆರೆಗಳಿದ್ದ ಮರದ ಚೂರೊಂದನ್ನು ತೆಗೆದು, ಇಕ್ಕಳದಲ್ಲಿ ಹಿಡಿದು, ಚಿಕ್ಕದೊಂದು ಕೆಂಡದ ಮೇಲಿಟ್ಟರು. ಹೊಗೆ ಎಳೆಯಾಗಿ ಎದ್ದಿತು. ‘ಇದೇ ಊದ್’ ಎಂದರು. ಊದ್ ಎಂಬುದು ಅರಬ್ಬಿ ಮಾತು; ಮರ ಎಂಬ ಅರ್ಥದಿಂದ ಹೊರಟು ಸುಗಂಧದ ಅಗರು ಮರಕ್ಕೆ ನಿಂತ ಪದ. ಹಿಂದೂಸ್ತಾನಿಯ ದಾರಿಯಲ್ಲಿ ಬಂದ ಊದ್‌ಬತ್ತಿಯೇ ನಮ್ಮ ಊದುಬತ್ತಿ. ಹಾಗಾದರೆ ಅಗರಬತ್ತಿ ಎಂದರೂ ಊದುಬತ್ತಿ ಎಂದರೂ ಅರ್ಥ ಒಂದೇ. ನಾವು ಒಂದೇ ವಸ್ತುವಿನ ಎರಡು ಹೆಸರುಗಳನ್ನು ಎರಡು ಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದೇವೆ. ಬತ್ತಿ ಸಂಸ್ಕೃತದ ವರ್ತಿಯಿಂದ ಬಂದದ್ದೆಂಬುದು ಎಲ್ಲರಿಗೂ ಗೊತ್ತಿರುವುದೇ.

ಅಂಗಡಿಯಿಂದ ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಾಗ ಹೊಳೆದದ್ದು ಇನ್ನೊಂದು. ದೇವರ ಮುಂದಿನ ಊದುಬತ್ತಿಗೆ ನಮ್ಮ ಮನೆಯಲ್ಲಿ ಯಾರೂ ಬಾಯಿಟ್ಟು ಊದುವುದಿಲ್ಲ! ಎಂಜಲು ತಾಗುತ್ತದೆಂದು ಕೈಯಲ್ಲಿ ಗಾಳಿ ಬೀಸಿ ಜ್ವಾಲೆ ಆರಿಸುತ್ತೇವೆ. ಮಕ್ಕಳು ಊದಿದರೆ ಬೈಯುತ್ತೇವೆ. ಅರವತ್ತು ವರ್ಷ ನೋಡಿದ್ದನ್ನು ಬಿಟ್ಟು ನಾನು ಕ್ರಿಯಾಪದವನ್ನು ನಂಬಿದ್ದೆ. ‘ಪದ ಹೇಳುವುದನ್ನು ಕೈ ಮಾಡುತ್ತದೆಯೇ’ ಎಂಬ ಪರೀಕ್ಷೆ ಹುಟ್ಟಿದ್ದು ಆ ಬಸ್ ನಿಲ್ದಾಣದಲ್ಲಿ. ಪುಸ್ತಿಕೆಯ ಪೈಕಿ ಮಾರಾಟವಾಗಿದ್ದ ಸುಮಾರು 70 ಪ್ರತಿಗಳಿಗೆ, ಸಿಕ್ಕಷ್ಟು ಮಂದಿಯನ್ನು ಹುಡುಕಿ, ತಿದ್ದೋಲೆ ಅಂಟಿಸಿಕೊಟ್ಟೆ. ಉಳಿದದ್ದನ್ನು ಹಳೇ ಪೇಪರಿನವರಿಗೆ ತೂಕಕ್ಕೆ ಹಾಕಿದೆ. 300 ರೂಪಾಯಿ ಚಿಲ್ಲರೆ ಕೈಗೆ ಬಂತು.

ಸೋದರ ಭಾಷೆಗಳನ್ನು ಕೇಳುವುದನ್ನು ನಾನು ಬಿಡಲಿಲ್ಲ, ಕೇಳುವ ರೀತಿಯನ್ನು ಬದಲಿಸಿದೆ. ಬೆಂಗಳೂರಿನಲ್ಲಿರುವವನಿಗೆ ಇದೊಂದು ದೊಡ್ಡ ಅನುಕೂಲ: ನಮ್ಮ ಬೀದಿಯ ಹೋಟೆಲಿನ ಅಡುಗೆಮನೆಯೊಂದರಲ್ಲೇ ಕುಂದಾಪುರದವರು, ಧರ್ಮಪುರಿಯವರು, ಹಿಂದೂಪುರದವರು ಒಟ್ಟಿಗೆ ದುಡಿಯುತ್ತಾರೆ. ಬೆಳಗಿನ ಗಲಾಟೆ ಮುಗಿದು ಮಧ್ಯಾಹ್ನದ ಊಟ ಶುರುವಾಗುವ ಮುನ್ನ, ಹನ್ನೊಂದರ ಸುಮಾರಿಗೆ, ಹಿಂಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಒಂದು ದಿನ ಧರ್ಮಪುರಿಯವರು ಹುಡುಗನಿಗೆ ಬೇಳೆ ತೋರಿಸಿ ‘ವೇಗ ವೈ’ ಎಂದರು. ಬೇಗ ಇಡು ಎಂದು ಗದರಿಸಿದರೆಂದೇ ನಾನು ತಿಳಿದೆ. ಹುಡುಗ ಯಾವ ಅವಸರವೂ ಇಲ್ಲದೆ ಪಾತ್ರೆ ಏರಿಸಿದ. ಅದು ‘ಬೇಯಲು ಇಡು’ ಎಂಬ ಮಾತು. ತಮಿಳಿನ ವೇ ನಮ್ಮಲ್ಲಿ ಬೇ. ವಕಾರಕ್ಕೆ ಬಕಾರ ಎಂಬುದು ಪಾಠದಲ್ಲಿ ಎಲ್ಲರೂ ಓದಿದ್ದೇ ಆದರೂ, ಬೇಳೆ ಬೇಯುವ ಪಾತ್ರೆಯ ಮುಂದೆ ಕಿವಿಗೆ ಬಿದ್ದಾಗ ಅದು ಮರೆಯುವುದಿಲ್ಲ. ಬೇ ಎಂಬ ಆ ಒಂದು ಅಕ್ಷರದಿಂದ ಬೆಂದ, ಬೇಗೆ, ಬೇಸಿಗೆ, ಬೆಂಕಿ ಇಷ್ಟೂ ಹೊರಡುತ್ತವೆ. ಅಗ್ನಿಯ ನಂಟು ಬೇರೆ ಕಡೆಗೆ. ಅದು ಲ್ಯಾಟಿನ್ನಿನ ಇಗ್ನಿಸ್‌ಗೆ ಒಡಹುಟ್ಟು.

ಅದೇ ಹಿಂಬಾಗಿಲಲ್ಲಿ ಒಲೆಯ ವಿಷಯವೂ ಬಿಡಿಸಿಕೊಂಡಿತು. ತಮಿಳಿನಲ್ಲಿ ಒಲೆಗೆ ಅಡುಪ್ಪು ಎನ್ನುತ್ತಾರೆ. ಅನ್ನಕ್ಕೆ ಕುದಿಯಲು ಇಟ್ಟ ನೀರಿಗೆ ಉಲೈ ಎನ್ನುತ್ತಾರೆ. ಕಮ್ಮಾರನ ಕುಲುಮೆಯೂ ಅವರಿಗೆ ಉಲೈಯೇ. ನಾವು ಅಡು ಎಂಬ ಧಾತುವನ್ನು ಕೆಲಸಕ್ಕೆ ಇಟ್ಟುಕೊಂಡು ಅಡುಗೆ ಎಂದೆವು, ಒಲೆಯನ್ನು ಜಾಗಕ್ಕೆ ಇಟ್ಟುಕೊಂಡೆವು. ಅವರು ಅಡು ಎಂಬುದನ್ನೇ ಜಾಗಕ್ಕೆ ಕೊಟ್ಟರು. ಒಂದೇ ಮನೆಯ ಪಾತ್ರೆಪಡಗಗಳನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಇದು ನನಗೆ ತೋರುತ್ತದೆ. ಪುಗೈ ಹೊಗೆಯಾದಂತೆ, ಕುಡೈ ಕೊಡೆಯಾದಂತೆ ಉಲೈ ಒಲೆಯಾಗಿದೆ. ಈ ಸಾಲು ಒಮ್ಮೆ ಕೈಗೆ ಸಿಕ್ಕಿದರೆ ಹತ್ತಾರು ಪದಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ತುಳುವಿನವರು ಮಾತ್ರ ದಿಕ್ಕೆಲ್ ಎಂದು ಬೇರೆಯೇ ದಾರಿ ಹಿಡಿದಿದ್ದಾರೆ.

ಅಡು ಧಾತುವಿನ ಸಂಗಡ ಅಡುಗೂಲಜ್ಜಿಯನ್ನೂ ನೆನೆಯಬೇಕು. ಅಡು, ಕೂಳು, ಅಜ್ಜಿ: ದಾರಿಹೋಕರಿಗೆ ಕೂಳು ಬೇಯಿಸಿ ಹಾಕುತ್ತಿದ್ದ ಮುದುಕಿ. ನಮ್ಮ ಊರಿನ ಹೆಸರಿನ ಕಥೆಯಲ್ಲೂ ಅಂಥದೇ ಒಬ್ಬ ಅಜ್ಜಿ ಇದ್ದಾಳೆ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳರ ಇಮ್ಮಡಿ ವೀರಬಲ್ಲಾಳನಿಗೆ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದೆವು. ವ್ಯಾಕರಣದ ದೃಷ್ಟಿಯಿಂದ ಆ ಸಮಾಸದಲ್ಲಿ ಕೊಂಕಿಲ್ಲ. ನನ್ನ ಕೈಯ ಪರೀಕ್ಷೆಯಲ್ಲೂ ಅದು ಗೆಲ್ಲುತ್ತದೆ, ಕಾಳು ಬೇಯುತ್ತದೆ, ಅಜ್ಜಿ ಬೇಯಿಸುತ್ತಾಳೆ. ಸೋಲುವುದು ಕಲ್ಲಿನ ಮುಂದೆ. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರ ಹೊತ್ತಿಗೇ, ಬೆಂಗಳೂರು ಎಂಬ ಹೆಸರು ಕಾಳಗದ ಪ್ರಸ್ತಾಪದೊಡನೆ ಕೆತ್ತಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅರಸ ಹುಟ್ಟುವ ಮುನ್ನವೇ ಕಾಳು ಬೇಯಿಸಿದ ಅಜ್ಜಿಯದು ಅಡುಗೂಲಜ್ಜಿಯ ಕಥೆಯೇ. ಇದನ್ನೂ ನಾನು ಮೊದಲ ಪುಸ್ತಿಕೆಯಲ್ಲಿ ನಿಜವೆಂದು ಬರೆದಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಂದಿನಿಂದ, ಕಾಲ ತಿಳಿಸುವ ಕಲ್ಲು ಇದ್ದರೆ ಉಳಿದೆಲ್ಲ ಪರೀಕ್ಷೆಗಿಂತ ಮೊದಲು ಅದನ್ನೇ ನೋಡುತ್ತೇನೆ.

ಸೌದೆಯದು ಬೇರೆ ಬಗೆಯ ಪೆಟ್ಟು. ನಮ್ಮ ಬಾಲ್ಯದಲ್ಲಿ ಬೀದಿಗೊಂದು ಸೌದೆ ಡಿಪೋ ಇತ್ತು, ತಕ್ಕಡಿಯಲ್ಲಿ ಮಣದ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಕೊಂಡುತರುವ ವಸ್ತುವಾದ್ದರಿಂದ ವ್ಯಾಪಾರ ಎಂಬ ಅರ್ಥದ ಸೌದಾ ಎಂಬುದರಿಂದಲೇ ಬಂದಿರಬೇಕೆಂದು ಚೀಟಿ ಬರೆದಿದ್ದೆ. ಮೇಷ್ಟ್ರು ಅಂದು ಮನಸಾರೆ ನಕ್ಕರು. ಮಾಗಡಿ ಕಡೆಯ ಹಿರಿಯರೊಬ್ಬರು ಸವುದೆ ಎಂದು ವಕಾರವನ್ನು ಸ್ಪಷ್ಟವಾಗಿ ಹೇಳಿದ್ದನ್ನು ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಚಮರಿ ಚವರಿಯಾಗಿ ಚೌರಿಯಾದ ದಾರಿಯಲ್ಲೇ ಸಮಿಧೆ ಸವುದೆಯಾಗಿ ಸೌದೆಯಾಗಿದೆ. ಹೋಮಕುಂಡಕ್ಕೆ ಹಾಕುವ ಸಮಿತ್ತು, ಬಚ್ಚಲ ಒಲೆಗೆ ತುರುಕುವ ಸೌದೆ ಎರಡೂ ಒಂದೇ. ಪಕ್ಕದಲ್ಲೇ ಇರುವ ಉರುವಲು ಮಾತ್ರ ಅಚ್ಚ ಕನ್ನಡದ್ದು, ಉರಿಯ ಮಗು.

ಇಲ್ಲಿಂದ ಮೂರನೆಯ ಪರೀಕ್ಷೆ ಬಂತು: ಒಂದೇ ಗೂಡಿನಲ್ಲಿ ಕೂತ ಎರಡು ಪದಗಳನ್ನು ಅಕ್ಕತಂಗಿಯರೆಂದು ನಂಬಬಾರದು. ಬಾಣಸಿಗನ ಕೈಯಲ್ಲಿ ಬಾಣಲೆ ಇರುತ್ತದೆ, ಎರಡಕ್ಕೂ ಬಾಣ ಎಂಬ ಮೊದಲಕ್ಷರಗಳಿವೆ. ಆದರೆ ಬಾಣಸ ಎಂಬುದು ಅಡುಗೆಮನೆ ಎಂಬ ಅರ್ಥದ ಮಹಾನಸದ ತದ್ಭವ, ಬಾಣಲೆಯಾದರೋ ತಮಿಳಿನ ವಾಣಲಿಯ ಜೊತೆಯದು. ಸುಣ್ಣವನ್ನು ಸುಡುತ್ತಾರೆ, ಆದ್ದರಿಂದ ಸುಡು ಎಂಬುದರಿಂದ ಸುಣ್ಣ ಎಂದು ಹೇಳದವರಿಲ್ಲ. ಅದು ಪುಡಿ ಎಂಬ ಅರ್ಥದ ಚೂರ್ಣ. ಹೊತ್ತು ಮೂಡುತ್ತದೆ, ಬೆಂಕಿ ಹೊತ್ತುತ್ತದೆ. ಸೂರ್ಯನೂ ಉರಿಯುವವನೇ ಎಂದು ನಾನು ಎರಡನ್ನೂ ಗಂಟು ಹಾಕಿದ್ದೆ. ಹಳಗನ್ನಡದ ಪೊೞ್ತು ಎಂಬ ರೂಪದಲ್ಲಿರುವ ೞಕಾರ ಆ ಗಂಟನ್ನು ಬಿಚ್ಚಿಬಿಟ್ಟಿತು. ಕಾಲವನ್ನು ಹೇಳುವ ಹೊತ್ತು ತಮಿಳಿನ ಪೊೞುದು ಎಂಬುದರ ಕಡೆಯವಳು. ಕಾಯು ಎಂಬುದರಲ್ಲಂತೂ ಎರಡು ಧಾತುಗಳು ಒಂದೇ ಉಡುಪು ತೊಟ್ಟು ನಿಂತಿವೆ: ಬಿಸಿಯಾಗುವ ಕಾಯು ಒಂದು, ಕಾಪಾಡುವ ಕಾಯು ಇನ್ನೊಂದು. ಇವೆರಡನ್ನೂ ನನ್ನ ಹೆಂಡತಿ ಒಂದೇ ವಾಕ್ಯದಲ್ಲಿ ಬಳಸುತ್ತಾಳೆ. ‘ಹಾಲು ಕಾಯೋಕೆ ಇಟ್ಟಿದೀನಿ, ಕಾಯ್ತಾ ನಿಂತ್ಕೊಳ್ಳಿ.’ ಅಂದು ನಾನು ಆ ವಾಕ್ಯವನ್ನು ಬರೆದುಕೊಳ್ಳಲು ಪೆನ್ನು ಹುಡುಕುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿಹೋಯಿತು.

ಪಕಾರ ಹಕಾರವಾದದ್ದನ್ನು ಕಣ್ಣಾರೆ ಕಾಣಬೇಕೆಂದರೆ ಕಡಲೆಕಾಯಿ ಪರಿಷೆಯ ಹಿಂದಿನ ವಾರ ಪುರಿ ಭಟ್ಟಿಗೆ ಹೋಗಬೇಕು. ನಾನು ನೋಡಿದ ಭಟ್ಟಿಯಲ್ಲಿ ದೊಡ್ಡ ಬಾಣಲೆಯ ತುಂಬ ಕಪ್ಪು ಮರಳು ಕಾದಿತ್ತು. ಆತ ಒಂದು ಡಬ್ಬಿ ಅಕ್ಕಿಯನ್ನು ಅದರೊಳಕ್ಕೆ ಎರಚಿ, ಉದ್ದ ಹಿಡಿಯ ಸಟ್ಟುಗದಲ್ಲಿ ನಾಲ್ಕೈದು ಸುತ್ತು ತಿರುವುವಷ್ಟರಲ್ಲಿ ಮರಳಿನ ಮೇಲೆಲ್ಲ ಬಿಳಿ ಅರಳಿಬಿಟ್ಟಿತು. ತಕ್ಷಣ ಜರಡಿಗೆ ಸುರಿದು ಅಲ್ಲಾಡಿಸಿದರೆ ಮರಳು ಕೆಳಗೆ, ಪುರಿ ಮೇಲೆ. ‘ಏನು ಮಾಡ್ತಾ ಇದೀರಿ’ ಎಂದು ಕೇಳಿದೆ. ‘ಪುರಿ ಹುರೀತಾ ಇದೀನಿ ಸಾರ್’ ಎಂದ. ಎರಡು ಪದ, ಒಂದೇ ಧಾತು, ನಡುವೆ ಸಾವಿರ ವರ್ಷ. ಕ್ರಿಯಾಪದವು ಕಾಲದೊಡನೆ ಹಕಾರಕ್ಕೆ ಹೊರಳಿತು, ಸರಕಿನ ಹೆಸರು ಪಕಾರವನ್ನು ಬಿಗಿಯಾಗಿ ಹಿಡಿದು ಉಳಿದುಕೊಂಡಿತು. ಇದನ್ನು ಯಾವ ಪುಸ್ತಕದಿಂದಲೂ ಎತ್ತಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಮ್ಮೆಯಿದೆ. ಚೀಟಿ ಬರೆದ ಮೇಲೆ ನಿಘಂಟಿನಲ್ಲಿ ಹಾಗೆಯೇ ಸಿಕ್ಕಿತು.

ನಡುವೆ ಕೆಲವು ಅಡ್ಡದಾರಿಯ ಪ್ರಯೋಗಗಳನ್ನೂ ಮಾಡಿದೆ. ಮುಖ್ಯ ಒಲೆಯ ಉರಿ ಪಕ್ಕದ ತೂತಿಗೆ ಹರಿದು ಸಾರಿನ ಪಾತ್ರೆಯನ್ನು ಬೆಚ್ಚಗಿಡುವ ಕೋಡೊಲೆಯನ್ನು ತಾರಸಿಯಲ್ಲಿ ಕಟ್ಟಿಸಿದೆ. ಇಟ್ಟಿಗೆ, ಜೇಡಿಮಣ್ಣು, ಕೂಲಿ ಸೇರಿ ಮೂರೂವರೆ ಸಾವಿರ. ಕೋಡು ಎಂಬ ಮಾತು ಕೊಂಬಿನಂತೆ ಪಕ್ಕಕ್ಕೆ ಚಾಚಿದ್ದನ್ನು ಹೇಳುತ್ತದೆಂದು ಮಣ್ಣು ಮೆತ್ತುವವಳ ಕೈ ನೋಡಿದಾಗ ಮನದಟ್ಟಾಯಿತು. ಮೂರನೆಯ ದಿನ ಮೇಲಿನ ಮನೆಯವರ ಒಗೆದ ಬಟ್ಟೆಗೆಲ್ಲ ಹೊಗೆ ಹಿಡಿದು, ಒಲೆಯನ್ನು ಒಡೆಸಲು ಮತ್ತೆ 400 ಕೊಟ್ಟೆ. ಇನ್ನೊಂದು ಬೇಸಿಗೆಯಲ್ಲಿ ಪರಭಾಷೆಯ ಒಲೆಗಳ ಬೆನ್ನು ಹತ್ತಿದೆ. ಪತ್ರಿಕೆಯಲ್ಲಿ ನಾವು ಓದುವ ಕರ್ಫ್ಯೂ ಹಳೆಯ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’ ಎಂಬ ಆಜ್ಞೆ. ರಾತ್ರಿ ಗಂಟೆ ಹೊಡೆದರೆ ಮನೆಯ ಒಲೆಯನ್ನು ಬೂದಿ ಮುಚ್ಚಿ ಮಲಗಬೇಕಿತ್ತು. ಮದುವೆ ಮಂಟಪದ ಫೋಕಸ್ ಲೈಟಿನಲ್ಲಿರುವ ಫೋಕಸ್ ಲ್ಯಾಟಿನ್ನಿನಲ್ಲಿ ಒಲೆ. ಕಿರಣಗಳು ಕೂಡುವ ಬಿಂದುವಿಗೆ ಅದನ್ನು 1604ರಲ್ಲಿ ಬಳಸಿದವನು ಕೆಪ್ಲರ್. ನಾವು ಮುಚ್ಚಬೇಕಾದ ಬೂದಿಯ ಬಗ್ಗೆ ಹೇಳುವುದಾದರೆ, ಅದು ಭೂತಿಯ ತದ್ಭವ. ಹಣೆಯ ವಿಭೂತಿಗೆ ಬಡ ನೆಂಟ.

ಇಸ್ತ್ರಿ ಗಾಡಿಯ ಹತ್ತಿರ ಕಳೆದ ದಿನಗಳೇ ನನಗೆ ಹೆಚ್ಚು ಲಾಭ ತಂದವು. ನಮ್ಮ ತಿರುವಿನಲ್ಲಿ ನಿಲ್ಲುವ ಆಕೆ ಹಿತ್ತಾಳೆ ಪೆಟ್ಟಿಗೆಯ ಮುಚ್ಚಳ ತೆಗೆದು, ಇದ್ದಿಲು ಕೆದಕಿ, ಬೂದಿಯನ್ನು ಮುಖಕ್ಕೆ ತಾಗದಂತೆ ಓರೆಯಾಗಿ ಊದುವುದನ್ನು ನಾನು ಬರೆದುಕೊಳ್ಳುತ್ತಿದ್ದಾಗ, ‘ಏನ್ ಸಾರ್, ಬೂದಿ ಊದೋದನ್ನೂ ಬರ್ಕೋತೀರಾ’ ಎಂದು ನಕ್ಕಳು. ಅವಳಿಗೆ ನಾನು ಕೇಳಿದ ಒಂದು ಪ್ರಶ್ನೆಯಿಂದ ಒಂದೇ ಬೆಳಗ್ಗೆ ಒಂಬತ್ತು ಪದ ಸಿಕ್ಕವು. ಆ ಪ್ರಶ್ನೆಯನ್ನು ಆಮೇಲೆ ಕುಂಬಾರರಿಗೂ ಬೇಕರಿಯವರಿಗೂ ಕೇಳಿದ್ದೇನೆ, ಎಂದೂ ಕೈ ಕೊಟ್ಟಿಲ್ಲ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಎರಡನೆಯ ಭಾಗ ಅಚ್ಚಾಗುವವರೆಗೂ ಅದು ನನ್ನ ಜೇಬಿನಲ್ಲಿರಲಿ. ಚೀಟಿಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಎಂಬುದೂ ಹಾಗೆಯೇ. ಅಕಾರಾದಿಯಲ್ಲಿ ಜೋಡಿಸಿದರೆ ಏನೂ ಕಾಣುವುದಿಲ್ಲ ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಇನ್ನು ಲಕೋಟೆಯಲ್ಲಿ ತಪ್ಪಿದ ಮೂರರ ಸಂಗತಿ. ಚಿಮಣಿ ದೀಪದ ಚಿಮಣಿಯನ್ನು ಇಂಗ್ಲಿಷಿನ ತನಕ ಹಿಡಿದು ನಿಲ್ಲಿಸಿದ್ದೆ. ಅದು ಅಲ್ಲಿಂದ ಹಿಂದಕ್ಕೆ ಹೋಗಿ ಗ್ರೀಕರ ಕುಲುಮೆಯಾದ ಕಾಮಿನೋಸ್‌ನಲ್ಲಿ ನಿಲ್ಲುತ್ತದೆ. ಭಟ್ಟಿಯ ಮಹಾಪ್ರಾಣವನ್ನು ನೋಡಿ ಅದು ನಮ್ಮದಲ್ಲ ಎಂದು ಸರಿಯಾಗಿ ಬರೆದಿದ್ದರೂ, ಹುರಿಯುವ ಪಾತ್ರೆಯಾದ ಸಂಸ್ಕೃತದ ಭ್ರಾಷ್ಟ್ರದವರೆಗೆ ಹೋಗದೆ ಹಿಂದಿಯಲ್ಲೇ ಕೈ ಬಿಟ್ಟಿದ್ದೆ. ಅರ್ಧ ಅಂಕವಾದರೂ ಕೊಡಿ ಎಂದು ಕೇಳಿದೆ, ಮೇಷ್ಟ್ರು ಕೊಡಲಿಲ್ಲ. ಮೂರನೆಯದು ಅಸ್ತ್ರ ಒಲೆ. ಒಲೆಯ ಬಾಯಿ ಬಾಣದ ಮೊನೆಯ ಹಾಗೆ ಕಿರಿದಾಗುತ್ತದೆ, ಅದರಿಂದ ಅಸ್ತ್ರ ಎಂದು ಅರ್ಧ ಪುಟ ಬರೆದಿದ್ದೆ. ಜಗಲಿಯ ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಎಂಜಿನಿಯರರು ನಗುವನ್ನು ತಡೆದುಕೊಂಡು ವಿವರಿಸಿದರು. ನಮ್ಮ ಮೂಗಿನಡಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ವಿಭಾಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆಸ್ಟ್ರಾ. ಅಲ್ಲಿ ರೂಪುಗೊಂಡ, ಮೂರು ಪಾತ್ರೆ ಕೂರುವ, ಕಡಿಮೆ ಸೌದೆಯ ಒಲೆ ಜನರ ಬಾಯಲ್ಲಿ ಅಸ್ತ್ರ ಒಲೆ. ಮನೆಯಿಂದ ಹತ್ತು ಮೈಲಿಯೊಳಗೆ, ನನ್ನ ಆಯುಷ್ಯದಲ್ಲೇ ಹುಟ್ಟಿದ ಪದವನ್ನು ನಾನು ಮಹಾಭಾರತಕ್ಕೆ ಒಯ್ದಿದ್ದೆ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಆಟೊ, ಬಸ್ಸು, ಕಾಫಿಗೆ ತಿಂಗಳಿಗೆ 600ರಂತೆ ಮೂರು ವರ್ಷಕ್ಕೆ 20 ಸಾವಿರ ದಾಟಿರಬಹುದು. ಹಳೆಯ ಪುಸ್ತಕಗಳಿಗೆ ಐದಾರು ಸಾವಿರ. ಮೊದಲ ಪುಸ್ತಿಕೆ ಪೂರ್ತಿ ಮುಳುಗಡೆ. ಹೊಸ ಪುಸ್ತಿಕೆಯನ್ನು ಇದೇ ಜನವರಿಯಲ್ಲಿ 500 ಪ್ರತಿ ಹಾಕಿಸಿದೆ, ಖರ್ಚು 46 ಸಾವಿರ. ಅಂಗಡಿಗಳಿಗೆ ಕೊಡದೆ ಮಾತಿಗೆ ಕರೆದ ಕಡೆಯೆಲ್ಲ ಚೀಲದಲ್ಲಿ ಹೊತ್ತೊಯ್ದು 120ರಂತೆ ಮಾರಿದ್ದರಿಂದ ಐದು ತಿಂಗಳಲ್ಲಿ ಅಸಲು ಹುಟ್ಟಿ, ಮೇಲೆ ಆರು ಸಾವಿರ ಉಳಿಯಿತು. ಅದರಲ್ಲಿ ಒಂದು ಪ್ರತಿಯನ್ನು ಅವೆನ್ಯೂ ರಸ್ತೆಯ ಹಿರಿಯರಿಗೆ ಕೊಟ್ಟು ಬಂದೆ. ಅವರು ಹನ್ನೊಂದನೆಯ ಪುಟವನ್ನೇ ಮೊದಲು ತೆರೆದರು.

ಬರುವ ಭಾನುವಾರಕ್ಕೆ ಮೇಷ್ಟ್ರು ಇಕ್ಕಳ ಎಂಬ ಪದವನ್ನು ಕೊಟ್ಟಿದ್ದಾರೆ. ನಿನ್ನೆ ಅಕ್ಕಸಾಲಿಗರ ಅಂಗಡಿಯ ಮುಂದೆ ಒಂದೂವರೆ ಗಂಟೆ ನಿಂತು ಬಂದು, ಚೀಟಿ ಬರೆದು, ಲಕೋಟೆಗೆ ಅಂಟು ಹಾಕಿದ್ದೇನೆ.